ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಬರೆ ಹಾಕಿದವನನ್ನು ಕಂಡು ನಕ್ಕರೇ ಹೊರತು, ಅವನು ಹಾಗೇಕೆ ಮಾಡಿದನೆಂದು ವಿಚಾರಿಸುವ ಗೊಡವೆಗೆ ಹೋದಂತೆ ಕಾಣುವುದಿಲ್ಲ. ನನ್ನ ಊಹೆ ಇಷ್ಟು: ಎಮ್ಮೆ ಹತ್ತಿರದಲ್ಲಿತ್ತು, ಗಾತ್ರದಲ್ಲಿ ದೊಡ್ಡದಾಗಿತ್ತು, ಒಡೆಯನು ಕಳವಳದಿಂದ ನೋಡುತ್ತ ನಿಂತಿದ್ದನು. ಎತ್ತಿನ ಬಾಯಿ ತೆರೆಸಿ, ಕಿವಿ ಮುಟ್ಟಿ, ಮೇವು ತಿಂದಿತೇ, ನೀರು ಕುಡಿಯಿತೇ ಎಂದು ಕೇಳುತ್ತ ಕುಳಿತರೆ ಹೊತ್ತು ಹೋಗುತ್ತದೆ. ಕೂಲಿ ಮಾತ್ರ ಹುಟ್ಟುವುದಿಲ್ಲ. ಬರೆ ಹಾಕಿದರೆ ಹೊಗೆ ಬರುತ್ತದೆ, ವಾಸನೆ ಬರುತ್ತದೆ, ಚಿಕಿತ್ಸೆ ನಡೆಯಿತೆಂದು ಹತ್ತು ಜನಕ್ಕೆ ತಿಳಿಯುತ್ತದೆ.

ಎತ್ತು ಎಮ್ಮೆಗಳ ಜಾಗದಲ್ಲಿ ಮೋಟಾರು ಬಂದು ನಿಂತ ಈ ಕಾಲದಲ್ಲಿಯೂ ಆ ಗಾದೆಯ ಬಲ ಕುಂದಿಲ್ಲ. ಇಂದಿನ ಡೀಸೆಲ್ ಕಾರುಗಳಲ್ಲಿ ಎಮ್ಮೆಯ ಪಾತ್ರವನ್ನು ವಹಿಸಿರುವುದು ಟರ್ಬೋಚಾರ್ಜರು ಎಂಬ ಯಂತ್ರಭಾಗ. ಗಾಡಿ ಏರು ಹತ್ತಲಿಲ್ಲವೇ? ಟರ್ಬೋ ಹೋಗಿದೆ. ಕಪ್ಪು ಹೊಗೆ ಉಗುಳಿತೇ? ಟರ್ಬೋ ಹೋಗಿದೆ. ಎಣ್ಣೆ ಹೆಚ್ಚು ಕುಡಿಯಿತೇ? ಹೇಳುವುದೇನು, ಟರ್ಬೋ ಹೋಗಿಯೇ ಹೋಗಿದೆ. ಅದು ಬೆಲೆಯಲ್ಲಿ ಭಾರಿ, ಹೆಸರಿನಲ್ಲಿ ಗಂಭೀರ. ಅದರ ಮೇಲೆ ಹೊರಿಸಿದ ತಪ್ಪನ್ನು ನಮ್ಮಂಥ ಸಾಮಾನ್ಯರು ತಲೆಬಾಗಿ ಒಪ್ಪಿಕೊಂಡುಬಿಡುತ್ತೇವೆ.

ಕಾಲೇಜಿನಲ್ಲಿ ಹಳಗನ್ನಡ ಹೇಳಿಕೊಡುವವನಿಗೆ ಯಂತ್ರದ ಮಾತೇಕೆಂದು ಓದುಗರು ಹುಬ್ಬೇರಿಸುವುದು ಸಹಜ. ಅದಕ್ಕೆ ನಾವಿರುವ ನಾಡೇ ಉತ್ತರ ಹೇಳುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆ ಕೃಷ್ಣೆ ಘಟಪ್ರಭೆಗಳ ನೀರುಂಡ ಕಬ್ಬಿನ ಸೀಮೆ. ೧೯೮೯ರಲ್ಲಿ ಚಿಕ್ಕಪಡಸಲಗಿಯ ಬಳಿ ರೈತರೇ ಹಣ ಕೂಡಿಸಿ, ಮೈಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಕಥೆಯನ್ನು ಇಲ್ಲಿಯ ಮಕ್ಕಳೂ ಬಲ್ಲರು. ನೀರು ಬಂದಲ್ಲಿ ಕಬ್ಬು ಬಂತು; ಕಬ್ಬು ಬಂದಲ್ಲಿ ಸಕ್ಕರೆಯ ಕಾರ್ಖಾನೆಗಳು ಬಂದವು; ಕಾರ್ಖಾನೆಗಳ ಹಿಂದೆಯೇ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳ ಮೆರವಣಿಗೆ ಬಂತು. ಕಬ್ಬು ನುರಿಸುವ ಹಂಗಾಮಿನಲ್ಲಿ ಈ ಮೆರವಣಿಗೆಯ ಹಿಂದೆ ಸಿಕ್ಕಿಕೊಂಡವನಿಗೆ ಇರುವ ದಾರಿ ಎರಡೇ: ದೇವರ ನಾಮ ಹೇಳುತ್ತ ಹಿಂಬಾಲಿಸುವುದು, ಇಲ್ಲವೇ ಎದುರಿನ ಹಾದಿ ತೆರವಾದ ಕ್ಷಣದಲ್ಲಿ ಗಾಡಿಯ ಬಲವನ್ನೆಲ್ಲ ಕೂಡಿಸಿ ದಾಟಿಬಿಡುವುದು. ಆ ಒಂದು ಕ್ಷಣದಲ್ಲಿ ಬಲ ಕೈಕೊಟ್ಟರೆ ಆಗತಕ್ಕುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ಹಂಗಾಮಿನಲ್ಲಿ ನನ್ನ ಹತ್ತು ವರ್ಷದ ಡೀಸೆಲ್ ಕಾರು ಹೀಗೆ ಕೈಕೊಡತೊಡಗಿತು. ನನ್ನ ತಾಯಿಯವರಿಗೆ ಹೃದಯದ ತೊಂದರೆಯುಂಟು. ಎರಡು ತಿಂಗಳಿಗೊಮ್ಮೆ ಬನಹಟ್ಟಿ, ತೇರದಾಳ, ಕುಡಚಿಗಳನ್ನು ಹಾದು ಮೀರಜಿಗೆ ಕರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿಕೊಂಡು ಬರುವುದು ವಾಡಿಕೆ. ಆ ಸಾರಿ ತೇರದಾಳದ ಈಚೆಗೆ ಕಬ್ಬಿನ ಟ್ರ್ಯಾಕ್ಟರೊಂದನ್ನು ದಾಟಲೆಂದು ಬಲಕ್ಕೆ ತಿರುಗಿಸಿ ಪೆಡಲು ಒತ್ತಿದರೆ ಗಾಡಿ ಮುಂದಕ್ಕೆ ಜಗ್ಗಲೇ ಇಲ್ಲ. ಹಿಂದೆ ಕಪ್ಪು ಹೊಗೆ ಎದ್ದಿತು. ಎದುರು ಫಲಕದಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿತು. ಎದುರಿನಿಂದ ಲಾರಿಯೊಂದು ದೂರದಲ್ಲಿ ಕಾಣಿಸಿದೊಡನೆ ವೇಗ ತಗ್ಗಿಸಿ ಮತ್ತೆ ಟ್ರೇಲರಿನ ಹಿಂದೆಯೇ ಸೇರಿಕೊಂಡೆ. ಅವ್ವ ಹಿಂದಿನ ಸೀಟಿನಿಂದ, “ಯಾಕೋ ತಮ್ಮಾ, ನಿನ್ನ ಗಾಡಿಗೂ ನನ್ನಂಗ ದಮ್ಮು ಹತ್ತೇತೇನು?” ಎಂದರು. ಅವರು ನಗೆಗಾಗಿ ಅಂದ ಮಾತು; ಆದರೆ ರೋಗದ ಹೆಸರನ್ನು ಅಷ್ಟು ನಿಖರವಾಗಿ ಆಮೇಲೆ ಯಾರೂ ಹೇಳಲಿಲ್ಲ.

ಮರುವಾರ ಪೇಟೆಯ ದೊಡ್ಡ ಗ್ಯಾರೇಜೊಂದರಲ್ಲಿ ಗಾಡಿಯನ್ನು ತೋರಿಸಿದೆ. ಬಿಳಿ ಅಂಗಿಯ ಯುವಕನೊಬ್ಬ ಸ್ಟಿಯರಿಂಗಿನ ಕೆಳಗಿರುವ ಜೋಡಣೆಗೆ ಯಂತ್ರವೊಂದನ್ನು ಸಿಕ್ಕಿಸಿದ. ತೆರೆಯ ಮೇಲೆ ‘ಪಿ ೦೨೯೯’ ಎಂಬ ಸಂಕೇತ ಮೂಡಿತು. ಐದು ನಿಮಿಷದೊಳಗೆ ತೀರ್ಪು ಹೊರಬಿತ್ತು: “ಟರ್ಬೋ ಬದಲಿಸಬೇಕು ಸಾರ್. ಒಟ್ಟು ೮೨ ಸಾವಿರ ಆಗಬಹುದು.” ಟರ್ಬೋವನ್ನು ಬಿಚ್ಚಿ ನೋಡಿದಿರಾ ಎಂದರೆ, “ಕಂಪ್ಯೂಟರೇ ಹೇಳುತ್ತದಲ್ಲ” ಎಂಬ ಉತ್ತರ. ಬಾನೆಟ್ಟು ಕೂಡ ತೆರೆದಿರಲಿಲ್ಲ. ವಿಚಾರಿಸಿ ಬರುತ್ತೇನೆಂದು ಹೇಳಿ ಗಾಡಿಯನ್ನು ಮರಳಿ ತಂದೆ.

ಹಳಗನ್ನಡದ ಓಲೆಗರಿಗಳನ್ನು ಓದುವವರಿಗೆ ಒಂದು ಪಾಠ ಮೊದಲ ದಿನವೇ ಆಗುತ್ತದೆ. ಮೂಲದಲ್ಲಿ ಇರುವುದು ಬೇರೆ, ವ್ಯಾಖ್ಯಾನಕಾರ ಹೇಳುವುದು ಬೇರೆ. ‘ಪಿ ೦೨೯೯’ ಎಂಬ ಮೂಲದ ಅಕ್ಷರಾರ್ಥ ಇಷ್ಟೇ: ಎಂಜಿನ್ನಿಗೆ ಬೇಕೆನಿಸಿದಷ್ಟು ಒತ್ತಡದ ಗಾಳಿ ಬರಲಿಲ್ಲ. ಟರ್ಬೋ ಸತ್ತಿದೆಯೆಂಬುದು ವ್ಯಾಖ್ಯಾನ. ಮಗ ಮನೆಗೆ ಹೊತ್ತಿಗೆ ಸರಿಯಾಗಿ ಬರಲಿಲ್ಲವೆಂದರೆ ಅವನು ಪೋಲಿಬಿದ್ದಿದ್ದಾನೆಂದು ಅರ್ಥವಲ್ಲ. ಬಸ್ಸು ಕೆಟ್ಟಿರಬಹುದು, ಗುರುಗಳು ನಿಲ್ಲಿಸಿಕೊಂಡಿರಬಹುದು, ಸೈಕಲ್ಲು ಪಂಕ್ಚರಾಗಿರಬಹುದು.

ಈ ಟರ್ಬೋ ಎಂದರೇನೆಂಬುದನ್ನು ಮನೆಯ ಹೆಣ್ಣುಮಕ್ಕಳಿಗೆ ತಿಳಿಸುವುದು ಬಲು ಸುಲಭ. ಕಟ್ಟಿಗೆಯ ಒಲೆಯ ಕಾಲದಲ್ಲಿ ನಮ್ಮ ಅಜ್ಜಿಯರ ಕೈಯಲ್ಲಿ ಊದುಗೊಳವೆಯಿರುತ್ತಿತ್ತು. ಒಲೆಯಲ್ಲಿ ಕಟ್ಟಿಗೆ ಎಷ್ಟೇ ತುಂಬಿರಲಿ, ಗಾಳಿ ಸಾಲದಿದ್ದರೆ ಹೊಗೆಯೇ ಹೊರತು ಉರಿಯಿಲ್ಲ. ಕೊಳವೆಯಿಂದ ಊದಿದೊಡನೆ ಅದೇ ಕಟ್ಟಿಗೆ ಧಗ್ಗನೆ ಉರಿಯುತ್ತದೆ. ಟರ್ಬೋ ಎಂಜಿನ್ನಿನ ಊದುಗೊಳವೆ. ವಿಶೇಷವೆಂದರೆ, ಇಲ್ಲಿ ಊದುವ ಶ್ರಮವನ್ನು ಒಲೆಯ ಹೊಗೆಯೇ ವಹಿಸಿಕೊಳ್ಳುತ್ತದೆ. ಎಂಜಿನ್ನಿನಿಂದ ಹೊರಗೆ ನುಗ್ಗುವ ಬಿಸಿಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಸೆಳೆದು, ಅದುಮಿ, ಎಂಜಿನ್ನಿನೊಳಕ್ಕೆ ದಬ್ಬುತ್ತದೆ. ವ್ಯರ್ಥವಾಗಿ ಹೋಗುತ್ತಿದ್ದುದನ್ನು ಹಿಡಿದು ದುಡಿಸಿಕೊಳ್ಳುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರು ಆಲ್‌ಫ್ರೆಡ್ ಬ್ಯೂಖಿ ಎಂಬವರು ೧೯೦೫ರಲ್ಲಿ ಪೇಟೆಂಟು ಪಡೆದರು. ೧೯೧೮ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಎಂಬವರು ಹದಿನಾಲ್ಕು ಸಾವಿರ ಅಡಿಗೂ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ವಿಮಾನದ ಎಂಜಿನ್ನೊಂದನ್ನು ಸಾಗಿಸಿ, ತೆಳುಗಾಳಿಯಲ್ಲಿಯೂ ಅದು ಬಲಗುಂದದಂತೆ ಟರ್ಬೋದಿಂದ ನಡೆಸಿ ತೋರಿಸಿದರು. ಜನಸಾಮಾನ್ಯರು ಕೊಳ್ಳುವ ಕಾರುಗಳಿಗೆ ಅದು ಅಮೆರಿಕದಲ್ಲಿ ಮೊದಲು ಬಂದದ್ದು ೧೯೬೨ರಲ್ಲಿ. ಈಗಂತೂ ನಮ್ಮಲ್ಲಿ ಮಾರಾಟವಾಗುವ ಡೀಸೆಲ್ ಕಾರುಗಳಲ್ಲಿ ಟರ್ಬೋ ಇಲ್ಲದ್ದನ್ನು ಕಾಣುವುದೇ ಕಷ್ಟ.

ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಆ ಚಕ್ರ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲುದು. ಒಂದು ಪಕ್ಕದಲ್ಲಿ ಏಳುನೂರು ಡಿಗ್ರಿಯವರೆಗೂ ಏರಬಲ್ಲ ಬಿಸಿಹೊಗೆ, ಇನ್ನೊಂದು ಪಕ್ಕದಲ್ಲಿ ಹೊರಗಿನ ಹವೆ, ನಡುವೆ ಅಚ್ಚನ್ನು ತೇಲಿಸಿ ಹಿಡಿದಿರುವುದು ತೆಳ್ಳನೆಯ ಎಣ್ಣೆಯ ಪದರು. ಇಷ್ಟು ಸುಕುಮಾರವಾದದ್ದು ಕೆಡುವುದು ಸಹಜವೆಂದು ಯಾರಿಗಾದರೂ ತೋರೀತು. ಆದರೆ ಗಾಳಿಯ ಹಾದಿಯಲ್ಲಿ ಟರ್ಬೋ ಒಂಟಿಯಾಗಿಲ್ಲ. ಗಾಳಿ ಮೊದಲು ಫಿಲ್ಟರಿನಲ್ಲಿ ಸೋಸಿಕೊಂಡು, ಎಷ್ಟು ಬಂದಿತೆಂದು ಅಳೆಯುವ ಸೆನ್ಸರನ್ನು ದಾಟಿ, ಟರ್ಬೋದಲ್ಲಿ ಒತ್ತಿಸಿಕೊಂಡು, ಬಿಸಿಯಾದುದರಿಂದ ಇಂಟರ್‌ಕೂಲರಿನಲ್ಲಿ ತಂಪಾಗಿ, ರಬ್ಬರಿನ ದಪ್ಪ ಪೈಪುಗಳ ಮೂಲಕ ಎಂಜಿನ್ನಿನ ಬಾಯಿಗೆ ಬರುತ್ತದೆ. ಅಲ್ಲಿ ಒತ್ತಡವನ್ನು ಅಳೆಯುವ ಇನ್ನೊಂದು ಸೆನ್ಸರು ಕಾದಿರುತ್ತದೆ. ಹೊಗೆ ಹೊರಹೋಗುವ ದಾರಿಯಲ್ಲಿ ಮಸಿ ಕಟ್ಟಿ ಅಡ್ಡಿಯಾಗುವುದುಂಟು. ಟರ್ಬೋದ ಬಾಯಿಯಲ್ಲಿರುವ ಚಿಕ್ಕ ರೆಕ್ಕೆಗಳನ್ನು ಹಿಗ್ಗಿಸಿ ಕುಗ್ಗಿಸುವ ಸಲಾಕೆಯೊಂದಿದೆ. ಅದನ್ನು ನನ್ನ ಕಾರಿನಲ್ಲಿ ಎಳೆಯುವುದು ಬೆರಳು ದಪ್ಪವೂ ಇಲ್ಲದ ನಿರ್ವಾತದ ನಳಿಕೆ. ಕಬ್ಬಿನ ಸೀಮೆಯ ಇಲಿಗಳಿಗೆ ಇಂಥ ನಳಿಕೆಯೆಂದರೆ ಪ್ರೀತಿ. ಈ ಸರಪಳಿಯ ಯಾವ ಕೊಂಡಿ ಕಡಿದರೂ ಹತ್ತುವ ದೀಪ ಒಂದೇ, ಮೂಡುವ ಸಂಕೇತವೂ ಹಲವು ಸಲ ಒಂದೇ.

ಜಮಖಂಡಿಯಲ್ಲಿ ಮುಧೋಳದ ರಸ್ತೆಗೆ ಒಬ್ಬ ಹಳೆಯ ಮಿಸ್ತ್ರಿಯವರಿದ್ದಾರೆ. ಲಾರಿ, ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುತ್ತ ತಲೆ ನರೆಯಿಸಿಕೊಂಡವರು. ಅವರ ಮಗ ಐ.ಟಿ.ಐ. ಕಲಿತು, ಸಂಕೇತ ಓದುವ ಯಂತ್ರವನ್ನು ತಂದುಕೊಂಡಿದ್ದಾನೆ. ತಂದೆಯ ಕಿವಿ, ಮಗನ ಯಂತ್ರ ಎರಡೂ ಕೂಡಿದ ಅಂಗಡಿ ಅದು. ಟರ್ಬೋ ಹೋಗಿದೆಯಂತೆ ಎಂದು ನಾನು ಹೇಳಿದಾಗ ಮಿಸ್ತ್ರಿಯವರು ಕೈ ಒರೆಸಿಕೊಳ್ಳುತ್ತ, “ಯಾರ ಹೇಳಿದ್ರು ಸರ?” ಎಂದು ಕೇಳಿದರು.

“ಯಂತ್ರ ಹೇಳಿತಂತೆ ಕಾಕಾ.”

“ಮಿಷಿನ್ನಿಗೆ ಬಾಯಿ ಐತ್ರಿ, ತಲಿ ಇಲ್ರಿ. ಅದು ಕಳುವು ಆಗೇತಿ ಅಂತ ಹೇಳತೈತಿ. ಕಳ್ಳ ಯಾರು ಅಂತ ನಾವ ಹುಡುಕಬೇಕು.”

ಆಮೇಲೆ ಅವರು ಕೀಲಿಯನ್ನು ಮುಟ್ಟದೆ ಕಾಲು ಗಂಟೆ ಪ್ರಶ್ನೆಗಳನ್ನೇ ಕೇಳಿದರು. ಜಗ್ಗು ಕಡಿಮೆಯಾದದ್ದು ಒಮ್ಮೆಲೆಯೋ, ದಿನದಿನಕ್ಕೋ? ಎಂಜಿನ್ನು ತಣ್ಣಗಿದ್ದಾಗಲೋ, ಕಾಯ್ದಾಗಲೋ? ಹೊಗೆ ಕಪ್ಪೋ, ನೀಲಿಯೋ? ಎಂಜಿನ್ ಎಣ್ಣೆ ಇಳಿಯುತ್ತಿದೆಯೇ? ಸಿಳ್ಳು ಹಾಕಿದಂತೆ, ಸೈರನ್ನಿನಂತೆ ಕೂಗುತ್ತದೆಯೇ, ಇಲ್ಲವೇ ಬುಸುಗುಡುತ್ತದೆಯೇ? ಇತ್ತೀಚೆಗೆ ಯಾರಾದರೂ ಯಾವುದಕ್ಕಾದರೂ ಕೈ ಹಾಕಿದ್ದರೇ? ಹೊಗೆ ಕಪ್ಪಾಗಿದ್ದರೆ ಡೀಸೆಲ್ಲಿಗೆ ತಕ್ಕ ಗಾಳಿಯಿಲ್ಲವೆಂದು ಅರ್ಥ. ನೀಲಿಯಾಗಿದ್ದರೆ ಎಣ್ಣೆ ಸುಡುತ್ತಿದೆಯೆಂದು ತಿಳಿಯಬೇಕು. ಟರ್ಬೋದ ಅಚ್ಚು ಸವೆದಾಗ ಸಾಮಾನ್ಯವಾಗಿ ನೀಲಿ ಹೊಗೆ, ಎಣ್ಣೆಯ ಇಳಿತ, ಸೈರನ್ನಿನ ಕೂಗುಗಳು ಕಾಣಿಸಿಕೊಳ್ಳುತ್ತವೆ. ನನ್ನ ಗಾಡಿಯ ಹೊಗೆ ಕಪ್ಪು, ಎಣ್ಣೆ ಇಳಿದಿರಲಿಲ್ಲ, ಕೂಗಿಗೆ ಬದಲಾಗಿ ಬುಸುಗುಡುವಿಕೆಯಿತ್ತು. ಮಿಸ್ತ್ರಿಯವರು ತಲೆಯಾಡಿಸಿದರು.

ಮೊದಲು ಫಿಲ್ಟರು ಹೊರಬಂತು. ಧೂಳು ಇತ್ತು, ಆದರೆ ಉಸಿರು ಕಟ್ಟುವಷ್ಟಲ್ಲ. ಬಳಿಕ ಎಂಜಿನ್ನನ್ನು ಚಾಲೂ ಮಾಡದೆ, ಕೀಲಿಯನ್ನಷ್ಟೇ ತಿರುಗಿಸಿ, ಒತ್ತಡದ ಸೆನ್ಸರು ಏನು ಹೇಳುತ್ತದೆಂದು ಮಗ ನೋಡಿದ. ೯೫ ಕಿಲೋಪಾಸ್ಕಲ್ ಎಂದಿತು. ಸಮುದ್ರದ ಮಟ್ಟದಲ್ಲಿ ಹವೆಯ ಒತ್ತಡ ಸುಮಾರು ೧೦೧. ನಮ್ಮ ಜಮಖಂಡಿ ಅದಕ್ಕಿಂತ ಎತ್ತರದಲ್ಲಿರುವುದರಿಂದ ೯೫ರ ಆಸುಪಾಸು ಇರಬೇಕಾದದ್ದೇ ಸರಿ. ಎಂಜಿನ್ನು ನಿಂತಿರುವಾಗ ಸೆನ್ಸರು ೭೦ ಎಂದೋ ೧೩೦ ಎಂದೋ ಹೇಳಿದ್ದರೆ ಸುಳ್ಳುಸಾಕ್ಷಿಯೆಂದು ಅಲ್ಲಿಯೇ ಗೊತ್ತಾಗುತ್ತಿತ್ತು. ಸಾಕ್ಷಿಯನ್ನು ವಿಚಾರಿಸುವ ಮೊದಲು ಸಾಕ್ಷಿ ನಂಬಿಕಸ್ಥನೇ ಎಂದು ನೋಡಿಕೊಳ್ಳುವ ಈ ಕ್ರಮ ನ್ಯಾಯಾಲಯಕ್ಕೂ ಸಲ್ಲತಕ್ಕದ್ದು.

ಆದರೆ ನಿಂತ ಗಾಡಿಯಲ್ಲಿ ಈ ರೋಗ ಸಿಕ್ಕುವುದಿಲ್ಲ. ಮುಧೋಳದ ಮಣ್ಣಿನಲ್ಲಿ ಹುಟ್ಟಿದ ಕವಿ ರನ್ನನ ಗದಾಯುದ್ಧವನ್ನು ಓದಿದವರಿಗೆ ನೆನಪಿರಬಹುದು: ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ಸುಮ್ಮನೆ ದಡದಲ್ಲಿ ನಿಂತು ನೋಡಿದವರಿಗೆ ಕಾಣಿಸುವವನಲ್ಲ. ಅವನನ್ನು ಹೊರಗೆ ತರಲು ಭೀಮನ ಗರ್ಜನೆಯೇ ಬೇಕಾಯಿತು. ಟರ್ಬೋದ ತೊಂದರೆಯ ಸ್ವಭಾವವೂ ಹೀಗೆಯೇ. ಎಂಜಿನ್ನು ಸುಮ್ಮನೆ ಗುನುಗುತ್ತಿರುವಾಗ ಎಲ್ಲ ಅಂಕಿಗಳೂ ಸಭ್ಯವಾಗಿರುತ್ತವೆ; ಭಾರ ಹೊರಿಸಿ ಗರ್ಜಿಸುವಂತೆ ಮಾಡಿದಾಗ ಮಾತ್ರ ಒಳಗಿನದು ಹೊರಬರುತ್ತದೆ.

ಆದ್ದರಿಂದ ಮರುದಿನ ಬೆಳಗಿನ ಆರು ಗಂಟೆಗೆ, ರಸ್ತೆ ಖಾಲಿಯಿದ್ದ ಹೊತ್ತಿನಲ್ಲಿ, ಮಿಸ್ತ್ರಿಯವರು ಗಾಡಿ ನಡೆಸಿದರು. ಮಗ ಪಕ್ಕದಲ್ಲಿ ಕುಳಿತು ಅಂಕಿಗಳನ್ನು ಓದಿದ. ನಡೆಸುವವನು ತೆರೆಯನ್ನು ನೋಡಕೂಡದೆಂಬುದು ಅವರ ಅಂಗಡಿಯ ಕಟ್ಟುನಿಟ್ಟು. ಮೂರನೆಯ ಗಿಯರಿನಲ್ಲಿ ೧೫೦೦ ಸುತ್ತಿನಿಂದ ಪೂರ್ತಿ ಪೆಡಲು ಒತ್ತಿ ೩೦೦೦ದವರೆಗೆ ಏರಿಸಿದರು. ಎಂಜಿನ್ನಿನ ಮಿದುಳು ೨೧೦ರಷ್ಟು ಒತ್ತಡವನ್ನು ಬೇಡುತ್ತಿತ್ತು, ಬಂದದ್ದು ೧೪೦. ಎಪ್ಪತ್ತು ಕಿಲೋಪಾಸ್ಕಲ್ ನಡುದಾರಿಯಲ್ಲಿ ಎಲ್ಲಿಯೋ ಕಳುವಾಗುತ್ತಿತ್ತು.

ಇಲ್ಲಿ ಮಗ ಇನ್ನೊಂದು ಅಂಕಿಯತ್ತ ಬೆರಳು ಮಾಡಿದ. ಹಾದಿಯ ಮೊದಲಿನಲ್ಲಿ ಗಾಳಿಯ ಪ್ರಮಾಣವನ್ನು ಅಳೆಯುವ ಸೆನ್ಸರಿದೆಯಷ್ಟೆ. ಅದು ಕೊರತೆಯನ್ನು ತೋರಿಸುತ್ತಲೇ ಇರಲಿಲ್ಲ. ಬೇಕಾದಷ್ಟು ಗಾಳಿ ಒಳಗೆ ಬಂದಿದೆಯೆಂದೇ ಅದರ ಲೆಕ್ಕ. ನನಗೆ ಕೂಡಲೇ ನಮ್ಮ ಹಾಜರಿಪುಸ್ತಕ ನೆನಪಾಯಿತು. ಬಾಗಿಲಲ್ಲಿ ಎಣಿಸಿದಾಗ ಒಳಬಂದ ಹುಡುಗರು ಅರವತ್ತು. ಪಾಠ ಶುರುವಾದಾಗ ಬೆಂಚಿನ ಮೇಲಿರುವವರು ನಲವತ್ತು. ಹುಡುಗರು ಕಾಲೇಜಿಗೇ ಬಂದಿಲ್ಲವೆಂದು ದೂರುವಂತಿಲ್ಲ. ಹಿಂದಿನ ಗೋಡೆಯಲ್ಲಿ ಕಿಟಕಿಯೊಂದು ತೆರೆದಿರಬೇಕು! ಫಿಲ್ಟರು ಕಟ್ಟಿದ್ದರೆ, ಹೊಗೆಯ ದಾರಿ ಮುಚ್ಚಿದ್ದರೆ, ಟರ್ಬೋ ತಿರುಗದಿದ್ದರೆ ಬಾಗಿಲಲ್ಲಿಯೇ ಎಣಿಕೆ ಕಡಿಮೆಯಾಗಬೇಕಿತ್ತು. ಕಪ್ಪು ಹೊಗೆಯ ಗುಟ್ಟೂ ಇದೇ. ಬಾಗಿಲ ಲೆಕ್ಕವನ್ನು ನಂಬಿ ಅರವತ್ತು ಎಲೆ ಹಾಕಿ ಬಡಿಸಿದಂತೆ ಡೀಸೆಲ್ಲು ಸುರಿಯುತ್ತದೆ. ಉಣ್ಣುವವರು ಮಾತ್ರ ನಲವತ್ತು.

ಆದರೂ ಮಿಸ್ತ್ರಿಯವರು ಒಂದೇ ಸುಳಿವಿಗೆ ಕಟ್ಟುಬೀಳಲಿಲ್ಲ. ಕೈಪಂಪಿನಿಂದ ನಿರ್ವಾತ ಹಿಡಿದು ರೆಕ್ಕೆಗಳ ಸಲಾಕೆಯನ್ನು ಎಳೆದು ನೋಡಿದರು. ಅದು ತಡವರಿಸದೆ ಸರಿಯಿತು, ಹಿಡಿದಲ್ಲಿ ನಿಂತಿತು. ನಳಿಕೆಗಳನ್ನು ಇಲಿ ಮುಟ್ಟಿರಲಿಲ್ಲ. ಆಮೇಲೆ ಕೊನೆಯ ಪರೀಕ್ಷೆ. ಟರ್ಬೋದ ಗಾಳಿ ಸೇದುವ ಬಾಯಿಗೆ ಒಂದು ಮುಚ್ಚಳ. ಅದಕ್ಕೆ ಕೂಡಿಸಿದ್ದು ಸೈಕಲ್ ಟ್ಯೂಬಿನ ವಾಲ್ವು. ಎಂಜಿನ್ನು ನಿಂತಿರುವಾಗಲೇ ಆ ದಾರಿಯಿಂದ ನಿಧಾನವಾಗಿ, ಗಾಡಿ ಓಡುವಾಗ ಇರುವ ಒತ್ತಡವನ್ನು ಮೀರದಂತೆ ಗಾಳಿ ತುಂಬಿ, ಪೈಪುಗಳ ಮೇಲೆ ಸಾಬೂನಿನ ನೀರು ಸವರಿದರು. ಎಂಜಿನ್ನಿನ ಒಳಗೆ ಸ್ವಲ್ಪ ಗಾಳಿ ಸೋರುವುದು ಸಹಜ. ಹೊರಗೆ ಮಾತ್ರ ಎಲ್ಲಿಯೂ ಗುಳ್ಳೆ ಏಳಕೂಡದು. ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಬರುವ ರಬ್ಬರು ಪೈಪಿನ ಕೆಳಮೈಯಲ್ಲಿ, ಕ್ಲಿಪ್ಪಿನ ಅಂಚಿಗೆ, ಬೆಳ್ಳಗೆ ನೊರೆ ಎದ್ದಿತು. ಕೈಯಿಂದ ತಡವಿದರೆ ಸಿಕ್ಕದಂಥ ಬಿರುಕು. ಒತ್ತಡವಿಲ್ಲದಾಗ ತುಟಿ ಬಿಗಿದುಕೊಂಡು, ಒತ್ತಡ ಬಂದಾಗ ಬಾಯಿ ತೆರೆಯುವಂಥದು. ಊದುಗೊಳವೆ ಸೀಳಿತ್ತು, ಊದುವವಳ ಶ್ವಾಸಕೋಶಕ್ಕೆ ಏನೂ ಆಗಿರಲಿಲ್ಲ.

ಅಷ್ಟಾದ ಮೇಲೂ ಮಿಸ್ತ್ರಿಯವರು ಟರ್ಬೋದ ಬಾಯೊಳಗೆ ಬೆಳಕು ಬಿಟ್ಟು ನೋಡಿದರು. ಚಕ್ರದ ಅಲಗುಗಳು ಅಂಚು ಕಚ್ಚಿಸಿಕೊಂಡಿರಲಿಲ್ಲ. ಅಚ್ಚನ್ನು ಬೆರಳಿನಿಂದ ಪಕ್ಕಕ್ಕೆ ಅಲುಗಿಸಿದರೆ ಕೂದಲೆಳೆಯಷ್ಟು ಸಡಿಲವಿತ್ತು. ಎಣ್ಣೆಯ ಪದರಿನಲ್ಲಿ ತೇಲುವುದಕ್ಕೆ ಅಷ್ಟು ಬೇಕೇ ಬೇಕಂತೆ. ಹಿಂದೆಮುಂದೆ ಜಗ್ಗಿದರೆ ಅಲುಗಲಿಲ್ಲ. ಚಕ್ರ ಗೋಡೆಗೆ ತಾಗುತ್ತಿರಲಿಲ್ಲ. ಈ ಪರೀಕ್ಷೆ ಮಾಡದ ಕೆಲವರು ಪಕ್ಕದ ಸಹಜ ಸಡಿಲನ್ನೇ ಸವೆತವೆಂದು ತೋರಿಸಿ ಗಿರಾಕಿಯನ್ನು ಹೆದರಿಸುವುದುಂಟೆಂದು ಅವರು ನಕ್ಕರು. ಹೊಸ ಪೈಪು ಕೂಡಿಸಿ ಮತ್ತೆ ಅದೇ ರಸ್ತೆ, ಅದೇ ಗಿಯರು, ಅದೇ ಸುತ್ತು. ಬೇಡಿದ್ದು ೨೧೦, ಬಂದದ್ದು ೨೦೭. ಕಳುವಾದ ಒಡವೆ ಮನೆಗೆ ಬಂದಷ್ಟು ಸಂತೋಷವಾಯಿತು.

ಹಾಗೆಂದು ಟರ್ಬೋ ಎಂದೂ ಕೆಡುವುದೇ ಇಲ್ಲವೆಂದು ನಾನು ಸಾಧಿಸಹೊರಟಿಲ್ಲ. ಅದೂ ಸಾಯುತ್ತದೆ. ಆದರೆ ಬಹುಮಟ್ಟಿಗೆ ಅದು ಮತ್ತೊಬ್ಬರ ಅಪರಾಧಕ್ಕೆ ಬಲಿಯಾಗಿ ಸಾಯುತ್ತದೆ. ಹೊತ್ತಿಗೆ ಬದಲಿಸದ ಎಣ್ಣೆ ಕೆಸರಾಗಿ ಅದರ ನೀರ್ದಾರಿಯಂಥ ಸಣ್ಣ ನಾಳವನ್ನು ಮುಚ್ಚಿದರೆ ಅಚ್ಚು ಬಾಯಾರಿ ಸುಡುತ್ತದೆ. ಹರಿದ ಫಿಲ್ಟರನ್ನು ಹಾಗೆಯೇ ಬಿಟ್ಟರೆ ಹೊಲದ ಧೂಳು ಅಲಗನ್ನು ತಿನ್ನುತ್ತದೆ. ಬೀಳಗಿಯಿಂದ ಬಿರುಸಾಗಿ ಓಡಿಸಿಕೊಂಡು ಬಂದು ಬಾಗಿಲ ಮುಂದೆ ತಟ್ಟನೆ ಕೀಲಿ ತಿರುವಿದರೆ ಎಣ್ಣೆಯ ಹರಿವು ನಿಂತು, ಕಾದ ಅಚ್ಚಿನಲ್ಲಿ ಉಳಿದ ಎಣ್ಣೆ ಕರಕಾಗುತ್ತದೆ. ಒಂದು ನಿಮಿಷ ಸುಮ್ಮನೆ ಗುನುಗಲು ಬಿಟ್ಟು ನಿಲ್ಲಿಸುವುದು ಲೇಸು. ಇಂಥ ಸಾವಿನಲ್ಲಿ ಕಾರಣವನ್ನು ಹುಡುಕದೆ ಹೊಸ ಟರ್ಬೋ ಕೂಡಿಸಿದರೆ, ಕೆಸರು ತುಂಬಿದ ಅದೇ ನಾಳ, ಧೂಳು ಬಿಡುವ ಅದೇ ಫಿಲ್ಟರು ಹೊಸದನ್ನೂ ಬಲಿ ತೆಗೆದುಕೊಳ್ಳುತ್ತವೆ. ನನ್ನ ಗಾಡಿಗೆ ೮೨ ಸಾವಿರದ ಹೊಸ ಟರ್ಬೋ ಬಂದಿದ್ದರೂ ಹಳೆಯ ಪೈಪು ಉಳಿದಿದ್ದರೆ ಹಳದಿ ದೀಪ ಮೀರಜಿನ ದಾರಿಯಲ್ಲಿ ಮತ್ತೆ ಹತ್ತುತ್ತಿತ್ತು. ಅವ್ವನನ್ನು ಕೂರಿಸಿಕೊಂಡು, ಹೊಸ ಟರ್ಬೋ ಇದೆಯೆಂಬ ಧೈರ್ಯದಿಂದ ಟ್ರ್ಯಾಕ್ಟರನ್ನು ದಾಟಲು ಹೊರಟ ಗಳಿಗೆಯಲ್ಲಿ ಅದು ಹತ್ತುವ ಚಿತ್ರ ಕಣ್ಣಿಗೆ ಬಂದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಬನಹಟ್ಟಿಯ ನೇಕಾರರನ್ನು ನೋಡಿದ್ದೀರಾ? ಸೀರೆಯಲ್ಲಿ ದೋಷ ಕಂಡರೆ ಅವರು ಮಗ್ಗವನ್ನು ಮಾರಲು ಹೊರಡುವುದಿಲ್ಲ. ಕಡಿದ ಎಳೆಯನ್ನು ಬೆರಳಲ್ಲಿ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರೆ. ಹಾಸಿನದೋ ಹೊಕ್ಕಿನದೋ, ಲಾಳಿಯದೋ ನೂಲಿನದೋ ಎಂದು ದೋಷದ ತವರನ್ನು ತಲಪುವವರೆಗೂ ಎಳೆಯನ್ನು ಬಿಡುವುದಿಲ್ಲ. ಮಿಸ್ತ್ರಿಯವರು ಮಾಡಿದ್ದೂ ಇದನ್ನೇ.

ಇನ್ನು ನನ್ನನ್ನು ಬಹಳ ದಿನ ಕಾಡಿದ ಸಂಗತಿಗೆ ಬರುತ್ತೇನೆ. ಕೆಲಸ ಮುಗಿದ ಮೇಲೆ ಮಗ ಚೀಟಿ ಬರೆದುಕೊಟ್ಟ. ಪೈಪು ೧,೬೦೦. ಕ್ಲಿಪ್ಪು ಎರಡು, ೧೨೦. ಕೂಡಿಸಿದ ಕೂಲಿ ೩೦೦. ಒಟ್ಟು ೨,೦೨೦ ರೂಪಾಯಿ. ಒಂದೂವರೆ ದಿನದ ವಿಚಾರಣೆಗೆ, ಬೆಳಗಿನ ಸವಾರಿಗೆ, ಮೂವತ್ತು ವರ್ಷಗಳಿಂದ ಹದಗೊಂಡ ಕಿವಿಗೆ ಆ ಚೀಟಿಯಲ್ಲಿ ಒಂದು ಸಾಲೂ ಇರಲಿಲ್ಲ. “ಹುಡುಕಿದ್ದಕ್ಕೆ ಎಷ್ಟು ಕಾಕಾ?” ಎಂದು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, “ಹುಡುಕಿದ್ದಕ್ಕ ಯಾರ ರೊಕ್ಕ ಕೊಡತಾರ್ರಿ ಸರ?” ಎಂದರು.

ಮಾತು ಚಿಕ್ಕದು, ಆದರೆ ನಮ್ಮ ಸಮಾಜದ ಒಂದು ದೊಡ್ಡ ಬಿರುಕಿನ ಮೇಲೆ ಅದು ಸಾಬೂನಿನ ನೀರಿನಂತೆ ಬಿದ್ದಿತು. ನಾವು ವಸ್ತುವಿಗೆ ಹಣ ಕೊಡುತ್ತೇವೆ, ವಿವೇಕಕ್ಕೆ ಕೊಡುವುದಿಲ್ಲ. ಸೂಜಿ ಚುಚ್ಚದೆ, ಗುಳಿಗೆ ಬರೆಯದೆ, ನಾಡಿ ಹಿಡಿದು “ನಿಮಗೇನೂ ಆಗಿಲ್ಲ, ಹೋಗಿ ಬನ್ನಿ” ಎಂದ ಡಾಕ್ಟರಿಗೆ ಫೀ ಕೊಡುವಾಗ ನಮ್ಮ ಕೈ ಹಿಂಜರಿಯುತ್ತದೆ. ಎರಡು ಇಂಜೆಕ್ಷನ್ನು ಕೊಟ್ಟವರನ್ನು ಕೈಗುಣದವರೆಂದು ಹೊಗಳುತ್ತೇವೆ. ಮೋಟಾರಿನ ವಿಷಯದಲ್ಲಿಯೂ ಹಾಗೆಯೇ. ಅರ್ಧ ದಿನ ಹುಡುಕಿದವನಿಗೆ ಮುನ್ನೂರು, ಹುಡುಕದೆ ಹೊಸ ಭಾಗ ಕೂಡಿಸಿದವನಿಗೆ ಸಾವಿರಗಟ್ಟಲೆ ಎಂದಾದರೆ, ಗ್ಯಾರೇಜಿನ ಹುಡುಗ ಯಾವುದನ್ನು ಕಲಿತಾನು? ಬಿಳಿ ಅಂಗಿಯ ಆ ಯುವಕ ದುಷ್ಟನೆಂದು ನನಗೆ ಅನ್ನಿಸುವುದಿಲ್ಲ. ಹುಡುಕುವ ಹೊತ್ತನ್ನು ಅವನಿಗೆ ಯಾರೂ ಕೊಟ್ಟಿಲ್ಲ. ಅದರ ಬೆಲೆಯನ್ನು ನಾವೂ ಯಾರೂ ಕೊಟ್ಟಿಲ್ಲ.

ಆದ್ದರಿಂದ ಗಾಡಿಯಿಟ್ಟ ಸಂಸಾರಸ್ಥರಲ್ಲಿ ನನ್ನದೊಂದು ಬಿನ್ನಹ. ಗ್ಯಾರೇಜಿಗೆ ಹೋದಾಗ, ಎಷ್ಟಾಗುತ್ತದೆಂದು ಕೇಳುವ ಮೊದಲು, “ಪರೀಕ್ಷೆ ಮಾಡುವುದಕ್ಕೆ ಎಷ್ಟು ತೆಗೆದುಕೊಳ್ಳುತ್ತೀರಿ? ಅದನ್ನು ಬೇರೆಯಾಗಿ ಕೊಡುತ್ತೇನೆ” ಎನ್ನಿ. ಟರ್ಬೋ ಹೋಗಿದೆಯೆಂದರೆ ಮೂರು ಪ್ರಶ್ನೆ ಕೇಳಿ: ಭಾರದಲ್ಲಿ ಓಡಿಸಿದಾಗ ಬೇಡಿದ ಒತ್ತಡವೆಷ್ಟು, ಬಂದದ್ದೆಷ್ಟು? ಪೈಪುಗಳಿಗೆ ಗಾಳಿ ತುಂಬಿ ಸೋರಿಕೆ ನೋಡಿದಿರಾ? ನಿಜವಾಗಿ ಕೆಟ್ಟಿದ್ದರೆ ಯಾವ ಕಾರಣದಿಂದ ಕೆಟ್ಟಿತು? ಮೂರಕ್ಕೂ ಉತ್ತರ ಬಂದರೆ ಹಣ ಸಂತೋಷವಾಗಿ ಕೊಡಬಹುದು. ಬಾರದಿದ್ದರೆ ಬರೆ ಕಾಯಿಸುತ್ತಿದ್ದಾರೆಂದು ತಿಳಿಯಬಹುದು.

ನಾನು ಆ ಚೀಟಿಯನ್ನು ಮಗನ ಕೈಗೇ ಮರಳಿ ಕೊಟ್ಟು, ಕೆಳಗೆ ಇನ್ನೊಂದು ಸಾಲು ಬರೆಯಿಸಿದೆ: ‘ಹುಡುಕಿದ ಬಾಬತ್ತು, ೧,೦೦೦.’ ಮಿಸ್ತ್ರಿಯವರು ಬೇಡವೆಂದರು, ಮಗ ತಂದೆಯ ಮುಖ ನೋಡಿದ, ಕೊನೆಗೆ ಬರೆದ. ಆ ಹುಡುಗ ಆ ಸಾಲನ್ನು ಮುಂದಿನ ಗಿರಾಕಿಯ ಚೀಟಿಯಲ್ಲಿಯೂ ಸಂಕೋಚವಿಲ್ಲದೆ ಬರೆಯುವಂತಾಗಲಿ. ಎಮ್ಮೆಯ ಬೆನ್ನು ಉಳಿಯಬೇಕಾದರೆ, ಎತ್ತನ್ನು ಮುಟ್ಟಿ ನೋಡಿದವನಿಗೆ ಕೂಲಿ ಸಿಗಬೇಕು.